150 ರೂಪಾಯಿಯ ಬಿಗೋನಿಯಾ

"ಎಷ್ಟು ಕೊಟ್ಟೆ ಇದಕ್ಕೆ?" ಅಂತ ಅಮ್ಮ ಕೇಳಿದಾಗ ನನ್ನ ಬಾಯಿಂದ ತಾನಾಗಿ ಬಂದದ್ದು "150 ರೂಪಾಯಿ."

ನಿಜವಾದ ಬೆಲೆ 1,850. ಅದೂ ಅಂಗೈ ಅಗಲದ ನಾಲ್ಕು ಎಲೆಗಳ ಗಿಡಕ್ಕೆ. ಅಮ್ಮ ಬೈತಾಳೆ ಅನ್ನೋ ಭಯಕ್ಕಷ್ಟೇ ಸುಳ್ಳು ಹೇಳಿದ್ದಲ್ಲ. ಅದೇ ತಿಂಗಳು ಊರಿಂದ ಫೋನ್ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಮನೆಯ ಹಂಚು ಕೈಯಾಡಿಸಬೇಕು, ಸ್ವಲ್ಪ ದುಡ್ಡು ಕಳಿಸ್ತೀಯಾ ಅಂತ. "ಈ ತಿಂಗಳು ಟೈಟಿದೆ ಅಮ್ಮ, ಮುಂದಿನ ತಿಂಗಳು ನೋಡೋಣ" ಅಂದಿದ್ದೆ. ಆಮೇಲೆ ಒಂದು ವಾರಕ್ಕೆ ಈ ಗಿಡ ಆರ್ಡರ್ ಮಾಡಿದ್ದೆ.

ಗಿಡದ ಹೆಸರು ಬಿಗೋನಿಯಾ ಮೇಸೋನಿಯಾನಾ. ತಿಳಿಹಸಿರು ಎಲೆ, ಮುಟ್ಟಿದರೆ ಸಣ್ಣ ಸಣ್ಣ ಗುಳ್ಳೆಗಳಂತೆ ಒರಟು, ನಡುವೆ ಕಂದು ಬಣ್ಣದ ದೊಡ್ಡ ಗುರುತು. ಆ ಗುರುತು ಜರ್ಮನಿಯ ಸೈನ್ಯದ ಪದಕವನ್ನು ಹೋಲುತ್ತೆ ಅಂತ ಇದನ್ನು 'ಐರನ್ ಕ್ರಾಸ್' ಅಂತಲೂ ಕರೀತಾರೆ. ಮೂಲ ದಕ್ಷಿಣ ಚೀನಾ ಮತ್ತು ವಿಯೆಟ್ನಾಂನ ಸುಣ್ಣಕಲ್ಲಿನ ಬೆಟ್ಟಗಳು. 1952ರಲ್ಲಿ ಮಾರಿಸ್ ಮೇಸನ್ ಅನ್ನೋ ಇಂಗ್ಲಿಷ್ ತೋಟಗಾರ ಇದನ್ನು ಸಿಂಗಪುರದಿಂದ ತಮ್ಮ ದೇಶಕ್ಕೆ ಒಯ್ದರು. ಅವರ ಹೆಸರೇ ಗಿಡಕ್ಕೆ ಬಂತು. ನಮ್ಮ ಏರಿಯಾದ ನರ್ಸರಿಗಳಲ್ಲಿ ಹುಡುಕಿ ಹುಡುಕಿ ಸಿಗದೆ ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದ್ದು.

ಅಮ್ಮ ಎಲೆಯನ್ನು ತಿರುಗಿಸಿ ನೋಡಿ, "ಇದು ನಮ್ಮ ಧರೆ ಮೇಲೆ ಮಳೆಗಾಲದಲ್ಲಿ ಬರುತ್ತಲ್ಲ, ಆ ಹುಳಿಗಿಡದ ಜಾತಿ ಅಲ್ವೇನೇ? ಎಲೆ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು" ಅಂದಳು. ಸರಿಯಾಗೇ ಹೇಳಿದ್ದಳು. ಪಶ್ಚಿಮ ಘಟ್ಟದಲ್ಲಿ ಬಿಗೋನಿಯಾದ ಹಲವು ಕಾಡುಜಾತಿಗಳಿವೆ. ಎಲೆಯ ಎರಡು ಬದಿ ಸಮ ಇಲ್ಲದಿರೋದೇ ಇವುಗಳ ಗುರುತು. ಹುಳಿ ಬರೋದು ಆಕ್ಸಾಲಿಕ್ ಆಮ್ಲದಿಂದ. ನಾನು ಆ್ಯಪ್ ಹಾಕಿ ಕಲಿತದ್ದನ್ನು ಅಮ್ಮ ಎರಡು ನಿಮಿಷದಲ್ಲಿ ಹೇಳಿಬಿಟ್ಟಳು.

ಮಾರನೇ ದಿನ ನಾನು ಆಫೀಸಿಂದ ಬರುವಷ್ಟರಲ್ಲಿ ಗಿಡ ಬಾಲ್ಕನಿಯಲ್ಲಿತ್ತು. ಏಪ್ರಿಲ್ ತಿಂಗಳ ಬೆಂಗಳೂರಿನ ಬಿಸಿಲು. "ಒಳಗೆ ಕತ್ತಲಲ್ಲಿ ಸಾಯ್ತಿತ್ತು ಪಾಪ" ಅಂದಳು. ನಾನು ಏನೂ ಆಗದವಳಂತೆ ಒಳಗಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಕುಂಡವೇ ಬದಲಾಗಿದೆ! ಅಗಲವಾದ ತಗ್ಗು ಕುಂಡ ಹೋಗಿ ಆಳದ ಕುಂಡ ಬಂದಿದೆ, ತುಂಬಾ ಕೆಂಪುಮಣ್ಣು. "ಬೇರೆಲ್ಲ ಮೇಲೆ ಬಂದಿತ್ತು ಕಣೆ, ಮುಚ್ಚಿದೆ. ಬೆಳಗ್ಗೆ ಸಂಜೆ ನೀರೂ ಹಾಕ್ತಿದೀನಿ."

ಮೇಲೆ ಬಂದಿದ್ದದ್ದು ಬೇರಲ್ಲ, ಕಾಂಡ. ಇಂಥ ಬಿಗೋನಿಯಾಗಳ ಕಾಂಡ ಶುಂಠಿಯ ಥರ ದಪ್ಪಗೆ, ಮಣ್ಣಿನ ಮೇಲೆ ಅಡ್ಡಕ್ಕೆ ಹರಿಯುತ್ತೆ. ನೀರನ್ನು ಅದರಲ್ಲೇ ಕೂಡಿಟ್ಟುಕೊಳ್ಳುತ್ತೆ. ಮಣ್ಣೊಳಗೆ ಹೂತು ನೀರು ಹಾಕಿದರೆ ಕೊಳೆಯೋದು ಖಂಡಿತ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಹೇಗೆ ಹೇಳೋದು? 150 ರೂಪಾಯಿ ಗಿಡಕ್ಕೆ ಯಾರಾದರೂ ಅಷ್ಟು ಗಾಬರಿ ಆಗ್ತಾರಾ? ರಾತ್ರಿ ಅಮ್ಮ ಮಲಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು, ಕಳ್ಳಿಯ ಹಾಗೆ ಚಮಚದಲ್ಲಿ ಮಣ್ಣು ಕೆದಕಿದೆ. ಬೆಳಗ್ಗೆ ಅಮ್ಮ ಮತ್ತೆ ಮುಚ್ಚಿ ನೀರು ಹಾಕಿದಳು.

ಒಂಬತ್ತನೇ ದಿನ ಎಲೆಗಳು ತೊಟ್ಟಿನ ಸಮೇತ ಮಲಗಿದವು. ಕಾಂಡ ಒತ್ತಿದರೆ ಬೆಂದ ಆಲೂಗಡ್ಡೆ. ನನ್ನ ಮುಖ ನೋಡಿ ಅಮ್ಮನಿಗೆ ಅರ್ಥವಾಯಿತು. "ನಾನೇ ಸಾಯಿಸಿದ್ನೇನೋ" ಅಂದಳು. ನಾನು ಇಲ್ಲ ಅನ್ನಲಿಲ್ಲ. ಅದು ಈಗಲೂ ಚುಚ್ಚುತ್ತೆ.

ಒಂದು ಎಲೆ ಮಾತ್ರ ಗಟ್ಟಿಯಾಗಿತ್ತು. ಬಿಗೋನಿಯಾದಲ್ಲಿ ಇರೋ ಒಳ್ಳೇ ಗುಣ ಅಂದರೆ ಎಲೆಯಿಂದಲೇ ಹೊಸ ಗಿಡ ಬರುತ್ತೆ. ನಾನು ಹೇಳುತ್ತಾ ಹೋದೆ, ಅಮ್ಮ ಮಾಡುತ್ತಾ ಹೋದಳು. ಹೊಸ ಬ್ಲೇಡಿನಿಂದ ಎಲೆಯನ್ನು ನಾಲ್ಕು ತ್ರಿಕೋನ ಮಾಡಿದಳು, ಪ್ರತಿ ತುಂಡಿಗೂ ಒಂದು ದಪ್ಪ ನರ ಬರುವ ಹಾಗೆ. ನೆನೆಸಿ ಗಟ್ಟಿಯಾಗಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಸ್ವೀಟ್ ಬಾಕ್ಸಿಗೆ ಹಾಕಿ, ತುಂಡುಗಳ ಚೂಪು ತುದಿ ಒಳಗೆ ಹೋಗುವಂತೆ ನಿಲ್ಲಿಸಿದಳು. ಮುಚ್ಚಳ ಹಾಕಿ ಕಿಟಕಿ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಟ್ಟೆವು. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಬೇಕು, ಅಷ್ಟೇ.

ಮರುದಿನ ರಾತ್ರಿ ಅಮ್ಮನನ್ನು ಬಸ್ ಹತ್ತಿಸಿ ಬಂದೆ. ಗಾಳಿ ಆಡಿಸೋಣ ಅಂತ ಬಾಕ್ಸ್ ಎತ್ತಿದರೆ ಅಡಿಯಲ್ಲಿ ಮಡಿಸಿದ 200ರ ನೋಟು. ಗಿಡದ ದುಡ್ಡು!

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಅವಳು ಮನೆ ಸೇರಿದ ಕೂಡಲೇ ಫೋನ್ ಮಾಡಿ ಹೇಳಿಬಿಟ್ಟೆ. "ಅಮ್ಮ, ಆ ಗಿಡ 150 ಅಲ್ಲ. 1,850."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಚಿಗೆ ದುಡ್ಡು ಕೇಳಿದ್ನಲ್ಲ, ಅದಾದ ಮೇಲೆ ತಗೊಂಡಿದ್ದಾ?"

"ಹೂಂ."

"ಸರಿ, ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಫೋನ್ ಇಟ್ಟಳು. ಅವತ್ತೇ ಹಂಚಿನ ದುಡ್ಡು ಕಳಿಸಿದೆ. ಎರಡು ದಿನ ಅವಳು ಫೋನ್ ಮಾಡಲಿಲ್ಲ. ಮೂರನೇ ದಿನ ಮಾಡಿದಾಗ ಮೊದಲು ಕೇಳಿದ್ದು "ಎಲೆ ಏನಾಯ್ತು?"

ಆರು ವಾರ ಏನೂ ಆಗಲಿಲ್ಲ. ಒಂದು ತುಂಡು ಕಪ್ಪಾಗಿ ಹೋಯಿತು. ಜೂನ್‌ನಲ್ಲಿ ಒಂದು ಬೆಳಗ್ಗೆ, ಉಳಿದ ತುಂಡುಗಳ ಬುಡದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಎಲೆಗಳು. ಫೋಟೋ ಕಳಿಸಿದೆ. ಅಮ್ಮ ಜೂಮ್ ಮಾಡಿ ನೋಡಿ, "ಇದರಲ್ಲಿ ಗುರುತೇ ಇಲ್ವಲ್ಲ" ಅಂತ ವಾಯ್ಸ್ ನೋಟ್ ಕಳಿಸಿದಳು. ಗುರುತು ಬರೋಕೆ ಆಗಸ್ಟ್ ಆಯಿತು. ಅಷ್ಟರಲ್ಲಿ ಮೂರು ಗಿಡಗಳೂ ತಗ್ಗು ಕುಂಡಗಳಿಗೆ ಹೋಗಿದ್ದವು. ಮಣ್ಣಿನ ಮೇಲ್ಭಾಗ ಒಂದು ಇಂಚು ಒಣಗಿದ ಮೇಲೆ ಮಾತ್ರ ನೀರು. ಎಲೆ ಮೇಲೆ ಸ್ಪ್ರೇ ಮಾಡೋದಿಲ್ಲ, ಒರಟು ಎಲೆಯಲ್ಲಿ ನೀರು ನಿಂತರೆ ಎಲೆಗೆ ರೋಗ ಬರಬಹುದು. ಹವೆ ತುಂಬಾ ಒಣಗಿದ್ದರೆ ಕಲ್ಲು, ನೀರು ತುಂಬಿದ ತಟ್ಟೆಯ ಮೇಲೆ ಕುಂಡ ಇಡ್ತೀನಿ, ಕುಂಡದ ತಳ ನೀರಿಗೆ ತಾಗದ ಹಾಗೆ.

ದೀಪಾವಳಿಗೆ ಎರಡು ಗಿಡ ಊರಿಗೆ ಒಯ್ದೆ, ಬಸ್ಸಿನಲ್ಲಿ ರಾತ್ರಿಯಿಡೀ ತೊಡೆ ಮೇಲಿಟ್ಟುಕೊಂಡು. ಈಗ ಜಗಲಿಯ ಕಟ್ಟೆ ಮೇಲಿವೆ. ಅಮ್ಮ ಕಾಂಡ ಮುಚ್ಚೋದಿಲ್ಲ, ಬೇರೆ ಯಾರಿಗೂ ಮುಟ್ಟೋಕೂ ಬಿಡೋದಿಲ್ಲ. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಅವರನ್ನು ಕಟ್ಟೆ ಹತ್ತಿರ ಕರ್ಕೊಂಡು ಹೋಗಿ ಹೇಳ್ತಾಳೆ: "ಇದು 1,850 ರೂಪಾಯಿ ಗಿಡ. ನನ್ನ ಮಗಳು ತಂದಿದ್ದು."

ನಾನು ಅಲ್ಲೇ ಇದ್ದರೆ ತಲೆ ತಗ್ಗಿಸಿ ಒಳಗೆ ಹೋಗ್ತೀನಿ.