ಹಾಲು ಯಾವುದು, ರಾಗಿ ಯಾವುದು?

ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳ ಸುದ್ದಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತು ‘ಜಸ್ಟ್ ಇನ್ ಟೈಮ್’. ಬೇಕಾದ ಮಾಲು, ಬೇಕಾದಷ್ಟೇ, ಬೇಕಾದ ಹೊತ್ತಿಗೆ. ಗೋದಾಮಿನಲ್ಲಿ ರಾಶಿ ಬೇಡ.

ಕೋಲಾರದ ಕಡೆಯವರಾದ ನಮಗೆ ಇದು ಹೊಸದಲ್ಲ. ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹಾಕುವವರು ನಾವು. ಕರೆದ ಹಾಲನ್ನು ಮನೆಯಲ್ಲೇ ಕೂಡಿಟ್ಟರೆ ಒಡೆದು ಹೋಗುತ್ತದೆ.

ಇದನ್ನು ಕಾರ್ಖಾನೆಯ ಪದ್ಧತಿ ಮಾಡಿದ್ದು ಜಪಾನಿನ ಟೊಯೋಟಾ. ಅಲ್ಲಿನ ಎಂಜಿನಿಯರ್ ತಾಯಿಚಿ ಓನೊ ಅವರಿಗೆ ಅಮೆರಿಕದ ಸೂಪರ್ ಮಾರ್ಕೆಟ್ ಮಾದರಿಯಾಯಿತು. ಗಿರಾಕಿ ತೆಗೆದುಕೊಂಡಷ್ಟನ್ನೇ ಅಲ್ಲಿ ಮತ್ತೆ ತುಂಬುತ್ತಾರೆ. ಹಾಗೆಯೇ ಇಲ್ಲಿ ಬಿಡಿಭಾಗ ಬಳಕೆಯಾದಂತೆ ‘ಕಾನ್‌ಬಾನ್’ ಎಂಬ ಚೀಟಿ ಹಿಂದಿನ ಹಂತಕ್ಕೆ ಹೋಗುತ್ತದೆ; ಚೀಟಿ ಬಂದರೆ ಮಾತ್ರ ಮುಂದಿನದನ್ನು ಮಾಡಬೇಕು. ಓನೊ ಗುರುತಿಸಿದ 7 ಬಗೆಯ ಪೋಲುಗಳಲ್ಲಿ ದೊಡ್ಡದು, ಬೇಕಾದ್ದಕ್ಕಿಂತ ಹೆಚ್ಚು ಮಾಡುವುದು. ಕೂತ ಮಾಲು ಎಂದರೆ ಕೂತ ದುಡ್ಡು. ರಾಶಿ ಇದ್ದರೆ ಕೆಟ್ಟ ಬಿಡಿಭಾಗವೂ ಅದರಡಿ ಅಡಗಿಬಿಡುತ್ತದೆ.

ಆದರೆ 1997ರ ಫೆಬ್ರುವರಿ 1ರಂದು ಐಸಿನ್ ಕಂಪನಿಯ ಕಾರಿಯಾ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾಕ್ಕೆ ಬ್ರೇಕಿನ ಒಂದು ಸಣ್ಣ ವಾಲ್ವ್ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ದಾಸ್ತಾನು ಇಲ್ಲದೆ, ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಟೊಯೋಟಾ ಕಾರ್ಖಾನೆಗಳು ಬಹುತೇಕ ನಿಂತುಹೋದವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಸೇರಿ ಹತ್ತಾರು ಕಂಪನಿಗಳು ವಾಲ್ವ್ ಮಾಡಿಕೊಟ್ಟ ಮೇಲೆ ಮತ್ತೆ ಶುರುವಾದವು. 2011ರ ಭೂಕಂಪದ ನಂತರ ಟೊಯೋಟಾ ತನ್ನ ಪೂರೈಕೆದಾರರಿಂದ 2ರಿಂದ 6 ತಿಂಗಳಿಗೆ ಆಗುವಷ್ಟು ಚಿಪ್ ದಾಸ್ತಾನು ಇಡಿಸಿತು. 2021ರ ಚಿಪ್ ಬರದ ಆರಂಭದ ತಿಂಗಳುಗಳಲ್ಲಿ ಅದೇ ಕೈ ಹಿಡಿಯಿತು.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಹಾಲು ಡೇರಿಗೆ, ರಾಗಿ ಹಗೇವಿಗೆ. ಯಾವುದನ್ನು ಇಡಬಾರದು, ಯಾವುದನ್ನು ಇಡಲೇಬೇಕು ಎಂಬುದೇ ಜಾಣತನ.

ನಮಗೆ ಕಾಡುವುದು ಬೇರೆ ಲೆಕ್ಕ. ಬಿಡಿಭಾಗ ಮಾಡುವ ಸಣ್ಣ ಘಟಕಗಳಲ್ಲಿ ಗುತ್ತಿಗೆಗೆ ದುಡಿಯುವ ನಮ್ಮೂರುಗಳ ಹುಡುಗರು ಕೆಲವರಿಗೆ ಆರ್ಡರ್ ಇದ್ದರೆ ಶಿಫ್ಟ್, ಇಲ್ಲದಿದ್ದರೆ ರಜೆ. ರಜೆಗೆ ಕೂಲಿಯಿಲ್ಲ. ಗೋದಾಮಿನಲ್ಲಿ ಮಾಲು ಕೂತಿಲ್ಲ, ನಿಜ. ಹುಡುಗರು ಬಾಡಿಗೆ ರೂಮಿನಲ್ಲಿ ಫೋನ್ ನೋಡುತ್ತಾ ಕೂತಿದ್ದಾರೆ. ಆ ಬಾಡಿಗೆ ಯಾವ ಪೋಲಿನ ಪಟ್ಟಿಗೂ ಸೇರಿಲ್ಲ.

ನಿಮ್ಮ ಮನೆಯ ಮಗನೋ ಮಗಳೋ ಇಂಥ ಕೆಲಸಕ್ಕೆ ಹೊರಟರೆ ಸಂಬಳ ಎಷ್ಟು ಎಂದಷ್ಟೇ ಕೇಳಬೇಡಿ. ಲೈನ್ ನಿಂತ ದಿನ ಕೂಲಿ ಉಂಟೋ ಇಲ್ಲವೋ, ಅದನ್ನೂ ಗುತ್ತಿಗೆದಾರರ ಹತ್ತಿರ ಕೇಳಿ, ಬರೆಸಿಕೊಳ್ಳಿ.