ಹರಿಹರದ ಹೊಳೆದಂಡೆಯ ಬುತ್ತಿ

ಹರಿಹರಕ್ಕೆ ಹೋದರೆ ಹೊಯ್ಸಳರ ಕಾಲದ ಹರಿಹರೇಶ್ವರನ ಗುಡಿ ನೋಡಿಕೊಂಡು ತುಂಗಭದ್ರೆಯ ದಂಡೆಗೆ ಬನ್ನಿ. ಬುತ್ತಿ ಬಿಚ್ಚಿದ ಹೆಂಗಸರು ಕಾಣುತ್ತಾರೆ. ಜೋಳದ ರೊಟ್ಟಿ ಅಜ್ಜಿಯರಿಗೆ. ಹುಡುಗಿಯರಿಗೆ ಚಿತ್ರಾನ್ನವೇ ಆಗಬೇಕು! ಭದ್ರಾ ನಾಲೆಯ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಭತ್ತ ಹೆಚ್ಚಿತು, ಅನ್ನದ ರುಚಿಯೂ ಹತ್ತಿತು. ತಪ್ಪೇನಿಲ್ಲ ಬಿಡಿ.

ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ನನ್ನ ಮಗಳಿಗೂ ಡಾಕ್ಟರು ರಕ್ತ ಕಮ್ಮಿ ಅಂದರು. ಮಾತ್ರೆ ಕೊಟ್ಟರು, ಜೊತೆಗೆ ಊಟವೂ ಬದಲಾಗಬೇಕಲ್ಲ?

ಪಾಲಿಶ್ ಅಕ್ಕಿಗಿಂತ ಜೋಳದಲ್ಲಿ ಕಬ್ಬಿಣ, ನಾರು ಹೆಚ್ಚು. ಹೆಸರುಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಬೇಡ, ಅದು ತಡೆಯುತ್ತದೆ. ಪಕ್ಕದ ದಾವಣಗೆರೆಯ ಬೆಣ್ಣೆದೋಸೆ ಬಿಡಿ ಅಂತ ಮಾತ್ರ ನಾನು ಹೇಳೋಳಲ್ಲ! ಅದೇ ಬೆಣ್ಣೆಯನ್ನು ಬಿಸಿ ರೊಟ್ಟಿಗೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಕೊಟ್ಟೆ. ಮಗಳು ಎರಡು ತಿಂದಳು.