ಹೊಸ ಟೈರಿನಲ್ಲಿ ಶಿರಾಡಿ ಇಳಿದು ಕುಕ್ಕೆಗೆ

ಬಯಲುಸೀಮೆಯ ನಮ್ಮಂಥವರಿಗೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವುದೆಂದರೆ ದೇವರ ದರ್ಶನ ಅರ್ಧ, ಘಟ್ಟ ಇಳಿಯುವ ಸಂಭ್ರಮ ಇನ್ನರ್ಧ. ಅರಸೀಕೆರೆಯಿಂದ ಹೊರಟು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಟ್ಟ ಇಳಿದು, ಗುಂಡ್ಯದಲ್ಲಿ ಎಡಕ್ಕೆ ತಿರುಗಿದರೆ ಸುಬ್ರಹ್ಮಣ್ಯದ ದಾರಿ. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಪ್ರಸಾದದ ಊಟಕ್ಕೆ ಅಲ್ಲಿರಬಹುದು. ತೆಂಗಿನ ತೋಟ ಹಿಂದೆ ಸರಿದು ಕಾಫಿ ತೋಟ ಬರುತ್ತದೆ, ಕಾಫಿ ತೋಟ ಮುಗಿದು ಕಾಡು ಬರುತ್ತದೆ, ಕಾಡು ಇಳಿದರೆ ಅಡಿಕೆ ತೋಟ. ಒಂದೇ ಹೊತ್ತಿನಲ್ಲಿ ಮೂರು ನಾಡು ಸುತ್ತಿ ಬಂದ ಹಾಗೆ.

ಈ ದಾರಿಯ ಚೆಲುವಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಇಲ್ಲಿ ಅದರ ಜೊತೆಗೆ ಕಾರಿನ ಟೈರಿನ ವಿಷಯವನ್ನೂ ಹೇಳಬೇಕೆಂದಿದ್ದೇನೆ. "ಟೈರು ಗಂಡಸರ ವಿಷಯ, ನಮಗ್ಯಾಕೆ?" ಎಂದು ಪುಟ ತಿರುಗಿಸಬೇಡಿ ಸೋದರಿಯರೇ. ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ನಾವು, ನಮ್ಮ ಮಕ್ಕಳು, ನಮ್ಮ ಮನೆಯ ಹಿರಿಯರು. ಸದ್ದು, ಕುಲುಕಾಟ ಎರಡೂ ನಮ್ಮ ಪಾಲಿಗೇ ಬರುವುದು.

ಅತ್ತೆಯವರ ಮಾತು

ನಮ್ಮತ್ತೆಯವರಿಗೆ ಈಗ ಎಪ್ಪತ್ನಾಲ್ಕು ವರ್ಷ. ಎರಡು ವರ್ಷದಿಂದ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಅದರಿಂದ ಬಹಳ ಅನುಕೂಲವಾಗಿದೆ. ಆದರೆ ಕಾರು ಹತ್ತಿದೊಡನೆ ಅದನ್ನು ತೆಗೆದು ಡಬ್ಬಿಗೆ ಹಾಕಿಬಿಡುತ್ತಿದ್ದರು. ಆ ಮಿಷನ್ ಮಾತನ್ನು ದೊಡ್ಡದು ಮಾಡುವಂತೆ ಚಕ್ರದ 'ಗುಂಯ್' ಸದ್ದನ್ನೂ ದೊಡ್ಡದು ಮಾಡುತ್ತದೆ. ತಲೆಯೊಳಗೆ ಹಿಟ್ಟಿನ ಗಿರಣಿ ಓಡಿದ ಹಾಗಾಗುತ್ತದಂತೆ.

ಹೋದ ವರ್ಷ ನಮ್ಮ ಮಗಳಿಗೆ ಡೆಂಗ್ಯೂ ಜ್ವರ ಬಂದು ಆಸ್ಪತ್ರೆ ಸೇರಿದಾಗ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವರು ಅತ್ತೆಯವರೇ. ದೇವರ ದಯದಿಂದ ಹುಡುಗಿ ಚೆನ್ನಾಗಿ ಚೇತರಿಸಿಕೊಂಡಳು. ಹರಕೆ ತೀರಿಸುವ ದಿನ ಗೊತ್ತು ಮಾಡೋಣವೆಂದರೆ ಅತ್ತೆಯವರು, "ನೀವ್ ಹೋಗ್ ಬನ್ನಿ. ನನ್ ಬದ್ಲು ನೀವೇ ಕೈಮುಗೀರಿ" ಎಂದುಬಿಟ್ಟರು. ಮಂಡಿ ನೋವಿರಬೇಕೆಂದು ನಾವು ತಿಳಿದೆವು. ರಾತ್ರಿ ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ನಿಜ ಹೇಳಿದರು. "ಕಾರಲ್ಲಿ ಕೂತ್ರೆ ನಿಮ್ ಬಾಯಾಡೋದು ಕಾಣುತ್ತೆ ಕಣಮ್ಮಾ, ಮಾತು ಕೇಳಲ್ಲ. ನಗ್ತೀರಾ, ಯಾಕ್ ನಗ್ತೀರಾ ಗೊತ್ತಾಗಲ್ಲ. ಅಷ್ಟು ದೂರ ಸಾಮಾನಿನ ಥರ ಕೂತ್ಕೊಂಡು ಬರಕ್ಕೆ ನನ್ಗೆ ಆಗಲ್ಲ."

ಹರಕೆ ಹೊತ್ತವರನ್ನು ಮನೆಯಲ್ಲಿ ಬಿಟ್ಟು ನಾವು ಹೋಗುವುದುಂಟೇ? ಹೇಗೂ ಕಾರಿಗೆ ಹೊಸ ಟೈರು ಹಾಕಿಸಬೇಕಿತ್ತು. ಈ ಸಲ ಟೈರನ್ನು ಅತ್ತೆಯವರ ಕಿವಿಗೆ ತಕ್ಕಂತೆ ಆರಿಸೋಣ ಎಂದು ನಮ್ಮ ಯಜಮಾನರಿಗೆ ಹೇಳಿದೆ.

ಸದ್ದು ಎಲ್ಲಿಂದ?

ನಮ್ಮದು 2018ರಲ್ಲಿ ಕೊಂಡ ಸಣ್ಣ ಕಾರು. ನಲವತ್ತಾರು ಸಾವಿರ ಕಿಲೋಮೀಟರು ಓಡಿದೆ. ಪರಿಚಯದ ಮೆಕ್ಯಾನಿಕ್ ಹುಡುಗ ಬಂದು ಟೈರಿನ ಮೈಮೇಲೆ ಅಂಗೈ ಆಡಿಸಿದ. "ಅಕ್ಕಾ, ನೀವೂ ಸವರಿ ನೋಡಿ" ಎಂದ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತರಚುತ್ತಿತ್ತು. ಹೀಗೆ ಏರುಪೇರಾಗಿ ಸವೆದ ಟೈರು ರಸ್ತೆಗೆ ಬಡಿಬಡಿದು ಗುಂಯ್‌ಗುಡುತ್ತದೆ. ಅದರ ಮೇಲೆ ವರ್ಷ ಕಳೆದಂತೆ ರಬ್ಬರೂ ಗಟ್ಟಿಯಾಗುತ್ತದೆ, ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ.

ಗ್ರಿಪ್ಪಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಉಳಿದಿರುವ ಗ್ರಿಪ್ 1.6 ಮಿಲಿಮೀಟರ್ ಮಾತ್ರ. ಕಾನೂನಿನ ಪ್ರಕಾರವೂ ಅದೇ ಕಡೆಯ ಗೆರೆ. ನಮ್ಮ ಟೈರು ಅದಕ್ಕೆ ಹತ್ತಿರ ಬಂದಿತ್ತು. ಮಳೆನೀರು ಸರಿದು ಹೋಗಲು ಆ ಗೆರೆಗಳೇ ದಾರಿ. ಅವು ಸವೆದರೆ ಒದ್ದೆ ರಸ್ತೆಯಲ್ಲಿ ಕಾರು ನೀರಿನ ಮೇಲೆ ಜಾರುತ್ತದೆ. ಶಿರಾಡಿಯಂಥ ಮಳೆಯ ಘಟ್ಟಕ್ಕೆ ಅಂಥ ಟೈರಿನಲ್ಲಿ ಇಳಿಯುವ ಮಾತೇ ಇಲ್ಲ.

ಗುಂಯ್ ಎನ್ನುವ ಸದ್ದೆಲ್ಲ ಟೈರಿನದೇ ಎಂದುಕೊಳ್ಳಬಾರದು. ಚಕ್ರದ ಬೇರಿಂಗ್ ಹೋದರೂ ಹಾಗೇ ಸದ್ದು ಬರುತ್ತದೆ. ಮೆಕ್ಯಾನಿಕ್ ಖಾಲಿ ರಸ್ತೆಯಲ್ಲಿ ಕಾರು ಓಡಿಸಿ, ಸ್ಟೇರಿಂಗನ್ನು ಸ್ವಲ್ಪವೇ ಎಡಕ್ಕೆ, ಬಲಕ್ಕೆ ಆಡಿಸಿದ. ಹಾಗೆ ಮಾಡಿದಾಗ ಸದ್ದು ಹೆಚ್ಚುಕಡಿಮೆಯಾದರೆ ಬೇರಿಂಗಿನ ಮೇಲೆ ಅನುಮಾನ. ರಸ್ತೆ ಬದಲಾದಂತೆ ಸದ್ದು ಬದಲಾದರೆ ಟೈರಿನ ಮೇಲೆ. ನಮ್ಮದು ಟೈರಿನದೇ ಎಂದು ಖಚಿತವಾಯಿತು.

ಹಾಸನದ ಅಂಗಡಿಯಲ್ಲಿ

ದೀಪಾವಳಿ ಕಳೆದ ಮೇಲೆ ಹಾಸನದ ಬಿ.ಎಂ. ರಸ್ತೆಯ ಒಂದು ಟೈರಂಗಡಿಗೆ ಹೋದೆವು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿ.ಎಸ್.ಟಿ. 28ರಿಂದ 18 ಪರ್ಸೆಂಟಿಗೆ ಇಳಿದದ್ದು ನಮಗೂ ಅನುಕೂಲವಾಯಿತು. ಎಂ.ಆರ್.ಎಫ್., ಅಪೋಲೋ, ಸಿಯೆಟ್, ಜೆ.ಕೆ., ಬ್ರಿಡ್ಜ್‌ಸ್ಟೋನ್, ಮಿಷೆಲಿನ್ ಎಂದು ಗೋಡೆ ತುಂಬ ಟೈರು. ಹಳೇ ಮೈಸೂರು ಕಡೆಯವರಿಗೆ ಟೈರೆಂದರೆ ವಿಕ್ರಾಂತ್ ನೆನಪಾಗುತ್ತದೆ. ಮೈಸೂರಿನ ಆ ಕಂಪನಿಯನ್ನು 1997ರಲ್ಲಿ ಜೆ.ಕೆ.ಯವರು ವಹಿಸಿಕೊಂಡರು.

ಅಲ್ಲಿ ನಾನು ಕಲಿತದ್ದೇನೆಂದರೆ, ಬರೀ ಕಂಪನಿಯ ಹೆಸರು ಕೇಳಿದರೆ ಸಾಲದು. ಒಂದೇ ಕಂಪನಿಯಲ್ಲಿ ನಾಲ್ಕಾರು ಬಗೆ ಇರುತ್ತವೆ. ಸೀರೆ ಅಂಗಡಿಯಲ್ಲಿ ದಿನ ಉಡುವ ಕಾಟನ್ನೇ ಬೇರೆ, ಮದುವೆಗೆ ಉಡುವ ರೇಷ್ಮೆಯೇ ಬೇರೆ ಅಲ್ಲವೇ? ಹಾಗೆಯೇ ಹೆಚ್ಚು ಕಿಲೋಮೀಟರ್ ಬಾಳಿಕೆ ಬರಲೆಂದು ಮಾಡಿದ್ದು ಒಂದು ಬಗೆ. ಬಾಡಿಗೆ ಕಾರಿನವರಿಗೆ ಅದು ಚೆನ್ನ. ಆದರೆ ಅದರ ರಬ್ಬರು ಸಾಮಾನ್ಯವಾಗಿ ಸ್ವಲ್ಪ ಗಡಸು. ಮಣ್ಣಿನ ರಸ್ತೆಗೆಂದು ದಪ್ಪ ದಪ್ಪ ಕಟ್ಟೆ ಬಿಟ್ಟು ಮಾಡಿದ್ದು ಇನ್ನೊಂದು ಬಗೆ. ನೋಡಲು ಗತ್ತಾಗಿರುತ್ತದೆ, ಡಾಂಬರಿನ ಮೇಲೆ ಸದ್ದು ಜಾಸ್ತಿ. ಮೂರನೆಯದು ಸದ್ದು, ಕುಲುಕಾಟ ಕಡಿಮೆ ಇರಲೆಂದೇ ಮಾಡಿದ್ದು. ಇದರ ಗ್ರಿಪ್ಪಿನ ತುಂಡುಗಳು ಎಲ್ಲ ಒಂದೇ ಅಳತೆಯವಲ್ಲ, ಒಂದು ಚಿಕ್ಕದು, ಒಂದು ದೊಡ್ಡದು. ಹಾಗಿರುವುದರಿಂದ ಎಲ್ಲವೂ ಒಂದೇ ಶ್ರುತಿಯಲ್ಲಿ ಕೂಗುವುದಿಲ್ಲ.

ನಮ್ಮ ಯಜಮಾನರು, "ಬಾಳಿಕೆ ಬರೋದೇ ಹಾಕ್ಸೋಣ, ಅದೂ ಸದ್ಯಕ್ಕೆ ಎರಡು ಸಾಕು" ಎಂದರು. ದುಡ್ಡಿನ ಚಿಂತೆ ಅವರಿಗೆ. ನಾನು, "ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡೋ ಕಾರು ನಮ್ಮದು. ಗ್ರಿಪ್ ಸವೆಯೋಕೆ ಮುಂಚೆ ರಬ್ಬರೇ ಹಳೇದಾಗುತ್ತಲ್ರೀ. ಬಾಳಿಕೆಗೆ ಅಂತ ಕೊಟ್ಟ ಲಾಭ ನಮಗೆಲ್ಲಿ ಸಿಗುತ್ತೆ?" ಎಂದೆ. ಅಂಗಡಿಯವರೂ ತಲೆಯಾಡಿಸಿದರು. ಕೊರತೆ ಬಿದ್ದ ಹಣಕ್ಕೆ ನನ್ನ ಚೀಟಿಯ ದುಡ್ಡು ಕೊಟ್ಟೆ. ಮಗನಿಗೆ ದೊಡ್ಡ ಅಲಾಯ್ ಚಕ್ರ, ತೆಳು ಟೈರು ಹಾಕಿಸುವ ಆಸೆ. ತೆಳು ಟೈರಿನಲ್ಲಿ ಗಾಳಿಯ ಮೆತ್ತೆ ಕಡಿಮೆ, ಗುಂಡಿಯ ಪೆಟ್ಟು ನೇರ ಅಜ್ಜಿಯ ಸೊಂಟಕ್ಕೆ ಎಂದಾಗ ಅವನೇ ಸುಮ್ಮನಾದ.

ಟೈರಿನ ಜಾತಕ

ಟೈರಿನ ಪಕ್ಕದಲ್ಲಿ ಅದರ ಜಾತಕವೆಲ್ಲ ಬರೆದಿರುತ್ತದೆ, ಓದಲು ಕಲಿತರೆ ಬಹಳ ಸುಲಭ. ನಮ್ಮ ಕಾರಿನದು 165/80 ಆರ್ 14. ಅಂದರೆ ಟೈರಿನ ಅಗಲ 165 ಮಿಲಿಮೀಟರ್. ಪಕ್ಕದ ಎತ್ತರ ಆ ಅಗಲದ 80 ಪಾಲು, ಎಂದರೆ 132 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 14 ಇಂಚು ಒಳಗಿನ ಚಕ್ರದ ಅಳತೆ. ಅದರ ಮುಂದೆ 85 ಟಿ ಎಂದಿತ್ತು. 85 ಎಂದರೆ ಒಂದು ಟೈರು 515 ಕಿಲೋ ಭಾರ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ ತಡೆಯಬಲ್ಲದು. ಕಾರಿನ ಕಂಪನಿ ಹೇಳಿದ ಅಳತೆಯನ್ನೇ ಕೊಳ್ಳಬೇಕು, ಭಾರದ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು.

ಇನ್ನೊಂದು ಕಡೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2425 ಎಂದಿದ್ದರೆ 2025ರ ಇಪ್ಪತ್ನಾಲ್ಕನೆಯ ವಾರದಲ್ಲಿ ತಯಾರಾದದ್ದು. ಬಿಸ್ಕತ್ತಿನ ಪೊಟ್ಟಣದ ತಾರೀಖು ನೋಡುವ ನಾವು ಸಾವಿರಾರು ರೂಪಾಯಿಯ ಟೈರಿನ ತಾರೀಖು ನೋಡದಿದ್ದರೆ ಹೇಗೆ? ಕೆಲವು ಟೈರಿಗೆ ಫ್ರಿಜ್ಜಿಗಿರುವಂತೆ ನಕ್ಷತ್ರದ ಚೀಟಿ ಇರುತ್ತದೆ. ಅದು ಇಂಧನ ಉಳಿತಾಯದ ಲೆಕ್ಕ, ಸದ್ದಿನ ಲೆಕ್ಕವಲ್ಲ.

ಸದ್ದು ಕಡಿಮೆಯ ಬಗೆಯಲ್ಲಿ, ಒದ್ದೆ ರಸ್ತೆಯ ಹಿಡಿತಕ್ಕೂ ಒಳ್ಳೆಯ ಹೆಸರಿದ್ದುದನ್ನು ನಾಲ್ಕು ಹಾಕಿಸಿದೆವು. ಜೊತೆಗೆ ಹೊಸ ವಾಲ್ವು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಇವೆರಡನ್ನು ಬಿಟ್ಟರೆ ಎಂಥ ಟೈರೂ ಬೇಗ ಏರುಪೇರಾಗಿ ಸವೆದು ಮತ್ತೆ ಸದ್ದು ಶುರುವಾಗುತ್ತದೆ. ಹೊಸ ಟೈರಿನ ಮೈ ಮೊದಲು ನುಣುಪಾಗಿರುವುದರಿಂದ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕಂತೆ. ಅದಕ್ಕೇ ಎರಡು ವಾರ ಊರ ಸುತ್ತಮುತ್ತ ಓಡಾಡಿ, ಆಮೇಲೆ ಘಟ್ಟಕ್ಕೆ ಹೊರಟೆವು.

ಘಟ್ಟದ ದಾರಿ

ಕಾರ್ತಿಕ ಮಾಸ ಮುಗಿಯುವುದರೊಳಗೆ, ಚಂಪಾಷಷ್ಠಿಯ ಜನಜಂಗುಳಿಗೆ ಮುಂಚೆ ಹೋಗಿ ಬರುವುದೆಂದಾಯಿತು. ಬುತ್ತಿಗೆ ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ, ಹುರಿದ ಮಜ್ಜಿಗೆ ಮೆಣಸಿನಕಾಯಿ. ಹಾಸನ ದಾಟುವವರೆಗೆ ಅತ್ತೆಯವರ ಮಿಷನ್ ಡಬ್ಬಿಯಲ್ಲೇ ಇತ್ತು. ನುಣ್ಣನೆಯ ಡಾಂಬರು ರಸ್ತೆ ಬಂದಾಗ ಮಗಳು, "ಅಜ್ಜಿ, ಒಂದ್ಸಲ ಹಾಕಿ ನೋಡಿ" ಎಂದು ತಾನೇ ಹಾಕಿದಳು. ಅತ್ತೆಯವರು ಒಂದು ಗಳಿಗೆ ಮುಖ ಗಂಟಿಕ್ಕಿದರು. ಮತ್ತೆ ತೆಗೆಯಲಿಲ್ಲ.

ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನನ ಕಾಲದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೆಟ್ಟಿಲು ಹತ್ತಬಲ್ಲವರು ನೋಡಲೇಬೇಕು. ನಾವು ಕೆಳಗೇ ನಿಂತು ಕಾಫಿ ಕುಡಿದೆವು. ಇಲ್ಲೇ ಹತ್ತಿರ ದೊಡ್ಡತಪ್ಪಲಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಮಳೆಗಾಲದಲ್ಲಿ ಹೊರಡುವವರು ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು.

ಮಾರನಹಳ್ಳಿ ಕಳೆದು ಘಟ್ಟ ಇಳಿಯುವ ದಾರಿಯಲ್ಲಿ ಕಾಂಕ್ರೀಟ್ ರಸ್ತೆ. ಗುಂಡಿಯ ಕಾಟವಿಲ್ಲ. ಆದರೆ ಜಾರದಿರಲೆಂದು ಕಾಂಕ್ರೀಟಿನ ಮೇಲೆ ಗೀರು ಎಳೆದಿರುವುದರಿಂದ ಯಾವ ಟೈರಾದರೂ ಇಲ್ಲಿ ಸ್ವಲ್ಪ ಹಾಡಿಯೇ ಹಾಡುತ್ತದೆ. ಹೊಸ ಟೈರಿನಿಂದ ಸದ್ದು ಪೂರಾ ಹೋಗುತ್ತದೆಂದು ಯಾರೂ ನಂಬಬಾರದು. ಸಣ್ಣ ಕಾರಿನ ತಗಡು, ಬಾಗಿಲು ಎಲ್ಲವೂ ತೆಳುವಷ್ಟೆ. ಆದರೂ ಮೊದಲಿನ ಗುಂಯ್‌ಗೂ ಇದಕ್ಕೂ ಬಹಳ ವ್ಯತ್ಯಾಸ. ಹಿಂದಿನ ಸೀಟಿನ ಮಾತು ಮುಂದಿನ ಸೀಟಿಗೆ ಕೂಗದೆಯೇ ಕೇಳುತ್ತಿತ್ತು.

ಪಕ್ಕದಲ್ಲಿ ಕೆಂಪುಹೊಳೆ, ಆಚೆ ಕಾಡಿನ ಮರೆಯಲ್ಲೆಲ್ಲೋ ರೈಲುದಾರಿ. ಅತ್ತೆಯವರು ತಾವಾಗಿಯೇ ಮಾತು ಶುರುಮಾಡಿದರು. "ನಾನು ಮೊದಲ್ನೇ ಸಲ ಬಂದಾಗ ಈ ರೈಲೇ ಇರ್ಲಿಲ್ಲ." ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ, ಅವರು ಹೇಳಿದ್ದು 1973ರ ಮಾತು. ಕಂಕುಳಲ್ಲಿ ನಮ್ಮ ಭಾವನವರು ಆರು ತಿಂಗಳ ಕೂಸು, ಪಕ್ಕದಲ್ಲಿ ಅವರ ಅತ್ತೆ, ತುಂಬಿದ ಬಸ್ಸು. "ನಮ್ಮತ್ತೆ ಮನೇಲಿ ಹುಲಿ. ಘಾಟಿ ಶುರುವಾದ್ಮೇಲೆ ಕಣ್ ಮುಚ್ಕೊಂಡು ನನ್ ಕೈ ಹಿಡ್ಕೊಂಡೋರು ಗುಂಡ್ಯ ಬರೋವರ್ಗೂ ಬಿಡ್ಲಿಲ್ಲ. ಯಾರ್ಗೂ ಹೇಳ್ಬೇಡ ಅಂದಿದ್ರು. ಇವತ್ತಿನವರ್ಗೂ ಹೇಳಿರ್ಲಿಲ್ಲ ನೋಡು." ಎಲ್ಲರೂ ನಕ್ಕೆವು. ಅತ್ತೆಯವರೂ ನಕ್ಕರು. ಇಪ್ಪತ್ತು ವರ್ಷ ಅವರ ಜೊತೆ ಒಲೆ ಮುಂದೆ ನಿಂತವಳು ನಾನು, ಈ ಕಥೆ ಕೇಳಿದ್ದು ಅವತ್ತೇ.

ಕುಕ್ಕೆಯಲ್ಲಿ ಕುಮಾರಧಾರೆಯ ನೀರು ತಿಳಿಯಾಗಿತ್ತು. ಕಾಲು ತೊಳೆದು, ಸರದಿಯಲ್ಲಿ ನಿಂತು ದರ್ಶನ ಮಾಡಿ, ಹರಕೆ ಒಪ್ಪಿಸಿದೆವು. ಅತ್ತೆಯವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಪ್ರಸಾದದ ಊಟ ಮಾಡಿ, ಆದಿ ಸುಬ್ರಹ್ಮಣ್ಯಕ್ಕೂ ಹೋಗಿ, ಕತ್ತಲಾಗುವ ಮುಂಚೆ ಘಟ್ಟ ಹತ್ತಿದೆವು.

ಗೃಹಿಣಿಯರಿಗೆ ನಾಲ್ಕು ಮಾತು

* ಎಷ್ಟು ಗಾಳಿ ಹಾಕಬೇಕೆಂದು ಡ್ರೈವರ್ ಕಡೆಯ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಿ. ಹೆಚ್ಚಾದರೆ ಕುಲುಕಾಟ, ಕಡಿಮೆಯಾದರೆ ಟೈರು ಕಾದು ಕೆಡುತ್ತದೆ.

* ನೈಟ್ರೋಜನ್ನೇ ಆಗಬೇಕೆಂದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಅದು 78 ಪಾಲು ಇದೆ.

* ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನ ಟೈರು ಮುಂದಕ್ಕೆ, ಮುಂದಿನದು ಹಿಂದಕ್ಕೆ ಬದಲಾಯಿಸಿ. ಆಗ ಸವೆತ ಸಮನಾಗುತ್ತದೆ.

* ಎರಡೇ ಟೈರು ಕೊಳ್ಳುವಷ್ಟು ಹಣವಿದ್ದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಮಳೆಯಲ್ಲಿ ಕಾರಿನ ಹಿಂಭಾಗ ಜಾರಿದರೆ ಹತೋಟಿಗೆ ತರುವುದು ಕಷ್ಟ.

* ಐದು ವರ್ಷ ದಾಟಿದ ಟೈರನ್ನು ಗ್ರಿಪ್ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಮನೆಯಲ್ಲಿ ಹಿರಿಯರಿದ್ದು, ಅವರು "ನಾನು ಬರಲ್ಲ, ನೀವ್ ಹೋಗಿ" ಎಂದರೆ ಯಾಕೆಂದು ಒಮ್ಮೆ ಬಿಡಿಸಿ ಕೇಳಿ. ಕಾರಣ ಚಕ್ರದಷ್ಟು ಸಣ್ಣದಿರಬಹುದು, ಅಂಗಡಿಯಲ್ಲಿ ಸಿಗುವಂಥದ್ದೂ ಇರಬಹುದು. ಬೇಸಿಗೆಗೆ ಹೊರನಾಡಿಗೆ ಹೋಗೋಣವೆಂದು ಈಗ ನಮ್ಮತ್ತೆಯವರೇ ಹೇಳುತ್ತಿದ್ದಾರೆ.